ಪ್ರಸಂಗದ ಟೈಪಿಂಗ್: ಎಡಗಡೆಯ ಪ್ಯಾನೆಲ್ ಕೊನೆಗೂ ಜಾಗ ಬಿಟ್ಟಿತು

ಮನೆಯಲ್ಲಿದ್ದ ಹಳೆ ಯಕ್ಷಗಾನ ಪ್ರಸಂಗದ ಕೈಬರಹವನ್ನು ಟೈಪ್ ಮಾಡುವ ಕೆಲಸ ಈ ವಾರ ಅಷ್ಟಾಗಿ ಮುಂದೆ ಹೋಗಲಿಲ್ಲ. ಪದ್ಯ ಬಿಟ್ಟು ಪರದೆಯ ಜಾಗದ ಹಿಂದೆ ಬಿದ್ದಿದ್ದೆ. ಅದೀಗ ಬಗೆಹರಿದಿದೆ.

1366×768ರ ಹಳೆ ಲ್ಯಾಪ್‌ಟಾಪ್, ಒಳಗೆ ಲಿನಕ್ಸಿನ ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ. ಅದರ ಬಲಕ್ಕೆ ಶಿರಸಿ ಪೇಟೆಯಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಮಾನಿಟರ್, 1920×1080. ಲ್ಯಾಪ್‌ಟಾಪಿನಲ್ಲಿ ಹಾಳೆಯ ಫೋಟೋ, ಮಾನಿಟರಿನಲ್ಲಿ ಲಿಬ್ರೆ ಆಫೀಸ್ ರೈಟರ್. ಕನ್ನಡಕ್ಕೆ ಎತ್ತರ ಜಾಸ್ತಿ ಬೇಕು. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಅಂತರ ಬಿಡಲೇಬೇಕು. ಅಕ್ಷರ ದೊಡ್ಡದು ಮಾಡಿಕೊಂಡು, ಭಾಮಿನಿ ಷಟ್ಪದಿಯ ಆರೂ ಸಾಲು ಹಿಂದುಮುಂದಿನ ಪದ್ಯದ ಜೊತೆ ಒಟ್ಟಿಗೆ ಕಾಣಬೇಕು ಅಂದ್ರೆ ಕೆಳಗಡೆ ಪ್ಯಾನೆಲ್ (ಐಕಾನ್, ಗಡಿಯಾರ ಇರುವ ಪಟ್ಟಿ) ಇಡುವುದು ನಷ್ಟ. ಅಗಲ ಹೇಗೂ ಖಾಲಿ ಬಿದ್ದಿರುತ್ತದೆ. ಅದಕ್ಕೇ ಪ್ಯಾನೆಲ್ ಅನ್ನು ಮಾನಿಟರಿನ ಎಡ ಅಂಚಿಗೆ ನಿಲ್ಲಿಸಿದೆ.

ತೊಂದರೆ ಶುರುವಾಗಿದ್ದು ಅಲ್ಲೇ. ರೈಟರ್ ಅನ್ನು ಪೂರ್ತಿ ಹಿಗ್ಗಿಸಿದರೆ ಅದರ ಎಡಭಾಗ ಪ್ಯಾನೆಲ್ ಅಡಿಗೆ ಹೋಗಿ ಸೇರುತ್ತಿತ್ತು. ಫೈಲ್ ಮೆನುವೇ ಕಾಣದು! ತಾನಾಗಿ ಅಡಗುವ ಆಯ್ಕೆ ಕೊಟ್ಟು ನೋಡಿದೆ, ಅದು ಇನ್ನೂ ಕಿರಿಕಿರಿ. ಎರಡು ಪರದೆಗಳ ನಡುವಿನ ಅಂಚು ತಾನೇ ಅದು? ಫೋಟೋದಿಂದ ರೈಟರ್ ಕಡೆಗೆ ಮೌಸ್ ದಾಟಿದಾಗೆಲ್ಲ ಪ್ಯಾನೆಲ್ ಚಂಗನೆ ಹೊರಗೆ ಬರುತ್ತಿತ್ತು.

ಟರ್ಮಿನಲ್‌ನಲ್ಲಿ, ವಿಂಡೋದ ಒಳವಿವರ ತೋರಿಸುವ ಎಕ್ಸ್‌ಪ್ರಾಪ್ ಓಡಿಸಿ ಪ್ಯಾನೆಲ್ ಮೇಲೆ ಕ್ಲಿಕ್ ಮಾಡಿದಾಗ ಕಾರಣ ಗೊತ್ತಾಯಿತು. ‘ಇಷ್ಟು ಜಾಗ ನನ್ನದು, ಇಲ್ಲಿ ವಿಂಡೋ ಹರಡಬೇಡಿ’ ಅಂತ ಪ್ಯಾನೆಲ್ ವಿಂಡೋ ಮ್ಯಾನೇಜರಿಗೆ ತಿಳಿಸುವುದು ಸ್ಟ್ರಟ್ ಅನ್ನುವ ಅಂಕಿಗಳಿಂದ. ನನ್ನ ಪ್ಯಾನೆಲ್ ಏನನ್ನೂ ಕಾದಿರಿಸಿಯೇ ಇರಲಿಲ್ಲ. ಅದರ ತಪ್ಪೂ ಅಲ್ಲ. ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹಳೆ ವ್ಯವಸ್ಥೆಯಾದ ಎಕ್ಸ್11ನಲ್ಲಿ ಈ ಅಳತೆ ಒಂದೊಂದು ಪರದೆಯ ಅಂಚಿನಿಂದಲ್ಲ, ಎರಡೂ ಸೇರಿದ ಒಟ್ಟು ಹರವಿನ ಅಂಚಿನಿಂದ. ನನ್ನ ಪ್ಯಾನೆಲ್ ನಿಂತಿದ್ದು 1366ನೇ ಪಿಕ್ಸೆಲ್‌ನಿಂದ ಆಚೆ. ಅಲ್ಲಿ 40 ಪಿಕ್ಸೆಲ್ ಬೇಕು ಅಂದ್ರೆ ‘ಎಡದಿಂದ 1406 ಬಿಡಿ’ ಅನ್ನಬೇಕು. ಆಗ ಲ್ಯಾಪ್‌ಟಾಪಿನ ಪರದೆ ಪೂರ್ತಿ ಹೋಯಿತಲ್ಲ! ಅದಕ್ಕೇ ಎಕ್ಸ್‌ಎಫ್‌ಸಿಇ ಪ್ಯಾನೆಲ್ ನಡುವಿನ ಅಂಚಿನಲ್ಲಿ ಸುಮ್ನೆ ಇದ್ದುಬಿಡುತ್ತದೆ. ಅದರ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ, ಪ್ಯಾನೆಲ್‌ಗಳಿಗಿರುವ ಲೇಯರ್ ಶೆಲ್ ಪದ್ಧತಿಯಲ್ಲಿ ಈ ಲೆಕ್ಕ ಆಯಾ ಪರದೆಗೇ ಸೇರಿದ್ದು, ಅಲ್ಲಿ ಈ ಗೋಳಿಲ್ಲ. ಆದರೆ ಈ ಹಳೆ ಯಂತ್ರವನ್ನು ಅಲ್ಲಿಗೆ ಎಳೆದೊಯ್ಯುವ ಮನಸ್ಸು ಸದ್ಯಕ್ಕಿಲ್ಲ.

ಪ್ಯಾನೆಲ್ ಅನ್ನು ಮಾನಿಟರಿನ ಬಲ ಅಂಚಿಗೆ ಹಾಕಿದರೂ ಆಗುತ್ತಿತ್ತು. ಆದರೆ ಸ್ಕ್ರಾಲ್ ಪಟ್ಟಿಯ ಮಗ್ಗುಲಲ್ಲೇ ಐಕಾನ್ ಸಾಲು ನನಗೆ ಬೇಡ. ಹಾಗಾಗಿ ಮೇಜನ್ನೇ ತಿರುವುಮುರುವು ಮಾಡಿದೆ. ಮಾನಿಟರ್ ಎಡಕ್ಕೆ, ಲ್ಯಾಪ್‌ಟಾಪ್ ಬಲಕ್ಕೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲೂ ಎರಡು ಚೌಕಗಳನ್ನು ಎಳೆದು ಅದಲುಬದಲು ಮಾಡಿದೆ. ಈಗ ಪ್ಯಾನೆಲ್ ನಿಂತಿರುವುದು ಹೊರ ಅಂಚಿನಲ್ಲಿ. ಎಕ್ಸ್‌ಪ್ರಾಪ್‌ನಲ್ಲಿ ಸ್ಟ್ರಟ್‌ನ ಮೊದಲ ಅಂಕಿಯಾಗಿ (ಅದು ಎಡಬದಿಯದು) ಪ್ಯಾನೆಲಿನ ಅಗಲ ಬಂದು ಕೂತಿದೆ, ರೈಟರ್ ಅದರ ಪಕ್ಕಕ್ಕೆ ಸರಿಯಾಗಿ ನಿಲ್ಲುತ್ತದೆ. ಗಡಿಯಾರ ಅಡ್ಡ ಮಲಗಿತ್ತು. ಪ್ಯಾನೆಲ್ ಅನ್ನು ಡೆಸ್ಕ್‌ಬಾರ್ ಮೋಡಿಗೆ ಬದಲಿಸಿದ ಮೇಲೆ ನೆಟ್ಟಗಾಯಿತು.

ಲ್ಯಾಪ್‌ಟಾಪ್ ಪರದೆಗಿಂತ ಉದ್ದದ ಡೈಲಾಗ್ ಬಂದು ಓಕೆ ಬಟನ್ ಕೆಳಗೆ ಮರೆಯಾದರೆ, ಆಲ್ಟ್ ಒತ್ತಿ ಹಿಡಿದು ವಿಂಡೋವನ್ನು ಎಲ್ಲಿಂದ ಬೇಕಾದರೂ ಮೇಲೆಳೆಯಬಹುದು.

ಬಾಕಿ ಉಳಿದಿದ್ದು ಮಳೆಗಾಲದ ಕೆಲಸ. ಕರೆಂಟ್ ಹೋದರೆ ಮಾನಿಟರ್ ಆರುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಉಳಿಯುತ್ತದೆ. ಮಾನಿಟರ್ ಸತ್ತಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ, ಪ್ಯಾನೆಲೂ ರೈಟರೂ ಆ ಕತ್ತಲಲ್ಲೇ ಇರುತ್ತವೆ. ಎಕ್ಸ್‌ರ್‍ಯಾಂಡರ್‌ನಿಂದ ಮಾನಿಟರ್ ಆಫ್ ಮಾಡುವ ಒಂದು ಸಾಲಿನ ಆಜ್ಞೆಯನ್ನು ಕೀಬೋರ್ಡ್ ಶಾರ್ಟ್‌ಕಟ್‌ಗೆ ಕಟ್ಟಬೇಕು. ಅದಾದ ಮೇಲೆ ಮತ್ತೆ ಪದ್ಯಗಳಿಗೆ.