ಅವನನ್ನೂ ಬೈಯಿರಿ ಶೆಟ್ಟರೇ

18 ಜುಲೈ 2024, ಗುರುವಾರ
ಡೊಂಬಿವಲಿ

ಅಂಗವೈಕಲ್ಯವಿರುವವರನ್ನು ಕೆಲಸಕ್ಕೆ ಸೇರಿಸಿ ಅಲ್ಲೇ ಕಲಿಸುವ ಈ ಜಾಬ್ ಕೋಚ್ ಕೆಲಸಕ್ಕೆ ಸೇರಿದಂದಿನಿಂದ ಎಂಥೆಂಥದೋ ಬೇಡಿಕೆ ಹಿಡಿದು ಹೋಟೆಲು, ಅಂಗಡಿ, ಗೋದಾಮುಗಳ ಮೆಟ್ಟಿಲು ಹತ್ತಿದ್ದೇನೆ. ಕುಳಿತು ಕೆಲಸ ಮಾಡಲು ಒಂದು ಸ್ಟೂಲು ಕೊಡಿ, ಮಿಕ್ಸರಿನ ಸದ್ದು ಕೇಳದ ಮೂಲೆ ಕೊಡಿ, ಊಟದ ಬಿಡುವು ದಿನವೂ ಒಂದೇ ಹೊತ್ತಿಗೆ ಇರಲಿ. ಇವತ್ತು ಮಾಟುಂಗಾದ ಹೋಟೆಲಿನಲ್ಲಿ ಕೇಳಿದ್ದು ಮಾತ್ರ ಹೊಸದು. ನಾನು ಅಲ್ಲಿ ಕೆಲಸಕ್ಕೆ ಸೇರಿಸಿದ ನಮ್ಮ ಪಂಡಿತನನ್ನು ಬೈಯಿರಿ ಎಂದು ಕೇಳಿಕೊಂಡೆ. ಹೋಟೆಲಿನ ಮಾಲೀಕ ಶೆಟ್ಟರು ಕನ್ನಡಕ ತೆಗೆದು ಗಲ್ಲೆಯ ಮೇಲಿಟ್ಟು ನನ್ನ ಮುಖ ನೋಡಿದರು.

ಆದದ್ದು ಇಷ್ಟು. ನಿನ್ನೆ ಆಷಾಢ ಏಕಾದಶಿ, ಜೊತೆಗೆ ಮೊಹರಂ ರಜೆ. ಈ ಊರಿನಲ್ಲಿ ಆ ದಿನ ಉಪವಾಸ ಮಾಡದವರೂ ಉಪವಾಸದ ತಿಂಡಿ ತಿನ್ನುತ್ತಾರೆ. ಬೆಳಗ್ಗೆಯಿಂದ ಸಾಬುದಾನ ಖಿಚಡಿ, ಸಾಬುದಾನ ವಡೆಗೆ ಸಾಲು. ಪಂಡಿತನ ಕೆಲಸವೆಂದರೆ ಪಾರ್ಸೆಲ್ ಕೌಂಟರಿನಲ್ಲಿ ಪೊಟ್ಟಣಕ್ಕೆ ತಕ್ಕ ಚಟ್ನಿ, ಸಾಂಬಾರಿನ ತೊಟ್ಟೆ ಜೋಡಿಸಿ ಚೀಲಕ್ಕೆ ಹಾಕುವುದು. ವಡೆ ಪೊಟ್ಟಣಕ್ಕೆ ಒಂದು ಚಟ್ನಿ, ಒಂದು ಸಾಂಬಾರು. ಲೆಕ್ಕ ತಪ್ಪುವವನಲ್ಲ ಅವನು. ಉಳಿದವರು ತಪ್ಪಿದರೆ ತಿದ್ದುತ್ತಾನೆ, ಪಂಡಿತ ಎಂಬ ಹೆಸರು ಬಂದದ್ದೇ ಹಾಗೆ. ನಿನ್ನೆಯೂ ತಪ್ಪಲಿಲ್ಲ. ಸಾಬುದಾನ ವಡೆಗೂ ಅಷ್ಟೇ ಅಚ್ಚುಕಟ್ಟಾಗಿ ಒಂದೊಂದು ಸಾಂಬಾರು ಇಟ್ಟ. ಬೇಳೆ ಹಾಕಿದ ಸಾಂಬಾರು! ಉಪವಾಸದ ಹೆಂಗಸೊಬ್ಬರು ಛತ್ರಿ ಬೀಸಿಕೊಂಡು ವಾಪಸು ಬಂದು ಕೌಂಟರಿನ ಮುಂದೆ ರಂಪ ಮಾಡಿದರಂತೆ. ಅವರಿಗೆ ಕೊಡಬೇಕಾಗಿದ್ದದ್ದು ಸಿಹಿ ಮೊಸರು.

ಸಿಹಿ ಮೊಸರಿನ ವಿಷಯ ಹುಡುಗರ ಮೇಲ್ವಿಚಾರಕ, ಎಲ್ಲರೂ ಕರೆಯುವಂತೆ ಕ್ಯಾಪ್ಟನ್, ಬೆಳಗ್ಗೆ ಎಲ್ಲ ಹುಡುಗರಿಗೂ ಹೇಳಿದ್ದ. ಇವನಿಗೆ ಹೇಳಿರಲಿಲ್ಲ. ರಂಪವಾದ ಮೇಲೂ ಹೇಳಲಿಲ್ಲ. ಬೆನ್ನು ತಟ್ಟಿ, ಒಳಗೆ ಕೂರಿಸಿ, ಚಮಚ ಒರೆಸಲು ಕೊಟ್ಟರು. ರಾತ್ರಿ ಶೆಟ್ಟರು ಫೋನ್ ಮಾಡಿದ್ದು ನನಗೆ.

ನನಗೆ ಸಿಟ್ಟು ಬಂದದ್ದು ಇಲ್ಲಿ. ತಪ್ಪು ನಡೆದದ್ದು ಕೌಂಟರಿನಲ್ಲಿ, ಮಾಡಿದವನು ಕ್ಯಾಪ್ಟನ್ನಿನ ಕೈಯಳತೆಯಲ್ಲಿ ನಿಂತಿದ್ದಾನೆ, ಸುದ್ದಿ ಮಾತ್ರ ನಲವತ್ತು ಕಿಲೋಮೀಟರ್ ದೂರದ ಡೊಂಬಿವಲಿಗೆ ಬರಬೇಕು. ಜಾಬ್ ಕೋಚ್ ಎಂಬವಳು ಇದ್ದಾಳಲ್ಲ, ಅವಳು ಹೇಳಿಕೊಳ್ಳಲಿ! ಮೊದಮೊದಲು ನಾನು ಅವನ ಪಕ್ಕದಲ್ಲೇ ನಿಲ್ಲುತ್ತಿದ್ದಾಗ ಅದು ಸರಿಯಿತ್ತು. ಈಗ ನಾನು ಹಿಂದೆ ಸರಿಯಬೇಕಾದ ಹೊತ್ತು. ನಾನು ಸರಿದ ಜಾಗಕ್ಕೆ ಕ್ಯಾಪ್ಟನ್ನೋ ಪಕ್ಕದ ಹುಡುಗನೋ ಬರದಿದ್ದರೆ ಅಲ್ಲಿ ಯಾರೂ ಇಲ್ಲದಂತಾಗುತ್ತದೆ.

1970ರ ದಶಕದಲ್ಲಿ ಅಮೆರಿಕದ ಮಾರ್ಕ್ ಗೋಲ್ಡ್ ಎಂಬವರು, ಏನನ್ನೂ ಕಲಿಯಲಾರರು ಎಂದು ಜನ ಕೈಬಿಟ್ಟವರಿಗೆ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸುವುದನ್ನು ಕಲಿಸಿ ತೋರಿಸಿದ್ದರು. ನಮ್ಮ ತರಬೇತಿಯಲ್ಲಿ ಅವರ ಹೆಸರು ಬಾರದ ದಿನವಿರಲಿಲ್ಲ. ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಬೇಕು, ಹೆಜ್ಜೆಗೊಮ್ಮೆ ಶಹಬ್ಬಾಸ್ ಹೇಳುತ್ತಾ ಕೂರಬಾರದು. ಸರಿಯಿದ್ದರೆ ಸುಮ್ಮನಿರಬೇಕು, ತಪ್ಪಿದರೆ ಆ ಕ್ಷಣವೇ ಹೇಳಬೇಕು. ಪಂಡಿತ ಕಲಿತದ್ದೂ ಹೀಗೆಯೇ. ಯಾರೂ ಏನೂ ಹೇಳದಿದ್ದರೆ ಕೆಲಸ ಸರಿಯಾಗಿದೆ ಎಂದೇ ಅವನ ಲೆಕ್ಕ. ಅಂದ ಮೇಲೆ ನಿನ್ನೆ ಅವರೆಲ್ಲ ಕರುಣೆಯಿಂದ ಸುಮ್ಮನಿದ್ದು ಅವನಿಗೆ ಕಲಿಸಿದ್ದೇನು? ಸಾಬುದಾನಕ್ಕೆ ಸಾಂಬಾರು ಸರಿ ಎಂದು.

ಮೂರು ಗಂಟೆಯ ಹೊತ್ತಿಗೆ ಗಿರಾಕಿಗಳು ಕಡಿಮೆ. ಕಾಫಿ ತರಿಸಿ ಶೆಟ್ಟರು ಶುರುಮಾಡಿದರು.

"ಪಾಪ, ಅವನಿಗೆ ಏನೆಂದು ಹೇಳುವುದು ಟೀಚರ್?"

"ಉಳಿದ ಹುಡುಗರಿಗೆ ಏನು ಹೇಳುತ್ತೀರೋ ಅದನ್ನೇ."

"ಅವರಿಗೆ ಹೇಳುವುದನ್ನು ನಿಮ್ಮೆದುರು ಹೇಳುವ ಹಾಗಿಲ್ಲ."

ನಗು ಬಂತು, ಆದರೆ ಬಿಡಲಿಲ್ಲ. ಶೆಟ್ಟರು ಚಡ್ಡಿ ಹಾಕುವ ವಯಸ್ಸಿನಲ್ಲಿ ಊರಿಂದ ಬಂದು, ಫೋರ್ಟಿನ ಹೋಟೆಲೊಂದರಲ್ಲಿ ಕಪ್ಪು ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದವರು. ಆ ಕಥೆಯನ್ನು ಅವರ ಬಾಯಿಂದ ಕೇಳದವರು ಕಿಂಗ್ಸ್ ಸರ್ಕಲಿನಲ್ಲಿ ಯಾರೂ ಇರಲಿಕ್ಕಿಲ್ಲ. "ಆಗ ನಿಮ್ಮ ಅಡುಗೆಯ ಭಂಡಾರಿಗಳು ತಪ್ಪಾದರೆ ಸುಮ್ಮನಿರುತ್ತಿದ್ದರಾ?" ಎಂದೆ.

"ಸುಮ್ಮನೆಯಾ? ಸೌಟೇ ಹಾರಿ ಬರುತ್ತಿತ್ತು."

"ಸೌಟು ಬೇಡ. ಮಾತು ಸಾಕು."

ಸ್ವಲ್ಪ ಹೊತ್ತು ಚಿಲ್ಲರೆ ಎಣಿಸಿದರು. ಆಮೇಲೆ ಬಂತು ಹೊಟ್ಟೆಯೊಳಗಿನ ಮಾತು. "ನೋಡಿ ಟೀಚರ್, ನಾನು ಅವನನ್ನು ಇಟ್ಟುಕೊಂಡದ್ದು ಪುಣ್ಯಕ್ಕೆ. ಬೈದು ಅವನ ಕಣ್ಣಲ್ಲಿ ನೀರು ಬಂದರೆ ಪಾಪ ಯಾರಿಗೆ?"

ಪುಣ್ಯ! ಈ ಪುಣ್ಯದ ಜೊತೆ ಗುದ್ದಾಡಿ ನನಗೆ ಸಾಕಾಗಿದೆ. ಅವನನ್ನು ಸೇರಿಸುವಾಗಲೂ ಇದೇ ಆಗಿತ್ತು. ಅಂಗವೈಕಲ್ಯದ ಸರ್ಟಿಫಿಕೇಟ್ ತಿರುಗಿಸಿ ನೋಡಿ ಶೆಟ್ಟರು, "ಶೇ. 60 ಎಂದು ಬರೆದಿದ್ದಾರೆ. ಹಾಗಾದರೆ ಕೆಲಸ ಶೇ. 40, ಸಂಬಳವೂ ಅಷ್ಟೇ ತಾನೇ?" ಎಂದಿದ್ದರು. ತಮಾಷೆಗಲ್ಲ, ನಿಜವಾಗಿಯೇ ಹಾಗೆ ತಿಳಿದಿದ್ದರು. ಆ ಶೇಕಡಾ ಲೆಕ್ಕ ವೈದ್ಯರು ಹಾಕುವುದು. 40 ಮುಟ್ಟಿದರೆ ಸವಲತ್ತಿಗೆ ಅರ್ಹ ಎಂಬುದಕ್ಕಷ್ಟೇ. ಚಟ್ನಿ ತೊಟ್ಟೆ ಎಣಿಸುವ ಕೈಯನ್ನು ಅಳೆಯಲು ಅದರಿಂದ ಆಗದು ಎಂದು ಹೇಳಿ ಹೇಳಿ ಬಾಯಿ ಒಣಗಿತು. ಶೆಟ್ಟರೊಬ್ಬರನ್ನೇ ಅಂದು ಏನು ಬಂತು? 1948ರ ಕನಿಷ್ಠ ವೇತನ ಕಾಯ್ದೆಯ 26ನೇ ಸೆಕ್ಷನ್ನಿನಲ್ಲಿ, ಅಂಗವಿಕಲ ನೌಕರರ ಸಂಬಳಕ್ಕೆ ಈ ಕಾಯ್ದೆ ಅನ್ವಯಿಸದು ಎಂದು ಸರ್ಕಾರ ಆದೇಶಿಸಬಹುದು ಎಂದು ಬರೆದಿಟ್ಟವರು ಹೋಟೆಲಿನವರಲ್ಲ. ಅಮೆರಿಕದ 1938ರ ಕಾರ್ಮಿಕ ಕಾಯ್ದೆಯಲ್ಲೂ ಕಡಿಮೆ ಕೂಲಿಗೆ ಹಾಗೊಂದು ದಾರಿ ಉಂಟು.

ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಸರ್ಕಾರಿ ಕೆಲಸದಲ್ಲಿ ಶೇ. 4 ಮೀಸಲಿಟ್ಟಿದೆ. ಅದರಲ್ಲಿ ಶೇ. 1ನ್ನು ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಾನಸಿಕ ಕಾಯಿಲೆ ಮೊದಲಾದವುಗಳಿರುವವರೆಲ್ಲ ಹಂಚಿಕೊಳ್ಳಬೇಕು. ಖಾಸಗಿಯವರಿಗೆ ಇಷ್ಟು ಮಂದಿಯನ್ನು ತೆಗೆದುಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಹಾಗಾಗಿ ನಮ್ಮಂಥವರ ಆಯುಷ್ಯ ಗಲ್ಲೆಗಳ ಎದುರು ನಿಲ್ಲುವುದರಲ್ಲೇ ಕಳೆಯುತ್ತದೆ.

ಪಂಡಿತನಿಗೆ ಈಗ ಪಕ್ಕದ ಹುಡುಗನಷ್ಟೇ ಸಂಬಳ. ಅದನ್ನೇ ಎತ್ತಿಕೊಂಡೆ. "ಶೆಟ್ಟರೇ, ಪೂರ್ತಿ ಸಂಬಳ ಕೊಡುತ್ತೀರಿ. ಬೈಯುವುದರಲ್ಲಿ ಯಾಕೆ ಜಿಪುಣತನ?"

ಜೋರಾಗಿ ನಕ್ಕರು. ನೋಡೋಣ ಎಂದರು. ಅವರ 'ನೋಡೋಣ'ದ ಬೆಲೆ ನನಗೆ ಗೊತ್ತು.

ಬರುವಾಗ ಮಳೆ. ಲೋಕಲ್ ಸಾಯನ್ನಿನಲ್ಲಿ ನಿಂತೇ ಬಿಟ್ಟಿತು. ಮಂಡಿ ನೋವು. ನಿಂತಲ್ಲೇ ನಿಂತು ತಿಂಗಳ ವರದಿಯ ನೆನಪಾಗಿ ಇನ್ನಷ್ಟು ತಲೆ ಬಿಸಿಯಾಯಿತು. ಹಣ ಕೊಡುವವರು ಕೇಳುವುದು ಒಂದೇ, ಈ ತಿಂಗಳು ಎಷ್ಟು ಜನರನ್ನು ಕೆಲಸಕ್ಕೆ ಸೇರಿಸಿದಿರಿ. ಸೇರಿದವರಲ್ಲಿ ಎಷ್ಟು ಮಂದಿ ನಮ್ಮ ನೆರವಿಲ್ಲದೆ ಮುಂದುವರಿದಿದ್ದಾರೆ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವೇ ಇಲ್ಲ. ಮೊದಲು ಕಲಿಸಿ ಆಮೇಲೆ ಕೆಲಸಕ್ಕೆ ಕಳಿಸುವ ಹಳೆಯ ಪದ್ಧತಿಯಲ್ಲಿ ಪಂಡಿತ ಹಣತೆಗೆ ಬಣ್ಣ ಬಳಿಯುತ್ತಾ, ಕಾಗದದ ಚೀಲ ಅಂಟಿಸುತ್ತಾ ವರ್ಷಗಟ್ಟಲೆ ಕಲಿಯುತ್ತಲೇ ಇದ್ದ. ಯಾವ ಕೆಲಸಕ್ಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮೊದಲು ಕೆಲಸಕ್ಕೆ ಸೇರಿಸಿ ಅಲ್ಲೇ ಕಲಿಸುವುದು ನಮ್ಮ ಪದ್ಧತಿ. ಸರಿಯೇ. ಸೇರಿಸಿದ ಮೇಲಿನದು ದೊಡ್ಡ ಕೆಲಸ ಎಂದು ವರದಿ ಓದುವವರಿಗೆ ಹೇಳುವವರು ಯಾರು?

ಅನ್ನಕ್ಕಿಡುವಾಗ ಪಂಡಿತನ ತಾಯಿಯ ಫೋನ್, ಭಾಂಡುಪಿನಿಂದ. ದನಿಯಲ್ಲಿ ಖುಷಿ.

"ಅಕ್ಕನವರೇ, ಶೆಟ್ಟರು ಫೋನ್ ಮಾಡಿದ್ದರು. ಹಬ್ಬ, ಉಪವಾಸದ ದಿನ ಅವನು ಮನೆಯಲ್ಲೇ ಇರಲಿ, ಸಂಬಳ ಹಿಡಿಯುವುದಿಲ್ಲ ಎಂದರು. ದೇವರಂಥ ಮನುಷ್ಯ."

ನೋಡೋಣ ಎಂದದ್ದರ ಫಲ! ಸಂಬಳ ಹಿಡಿದಿದ್ದರೆ ಜಗಳವಾದರೂ ಆಡಬಹುದಿತ್ತು. ಆಗಸ್ಟ್ 5ಕ್ಕೆ ಶ್ರಾವಣ ಸೋಮವಾರಗಳು ಶುರು. ಆಮೇಲೆ ಗಣಪತಿ, ನವರಾತ್ರಿ. ನಡುನಡುವೆ ತಿಂಗಳಿಗೆರಡು ಏಕಾದಶಿ, ಒಂದು ಸಂಕಷ್ಟಿ. ಇಡೀ ಹೋಟೆಲು ಬೆವರು ಸುರಿಸುವ ದಿನಗಳಲ್ಲೆಲ್ಲ ಇವನೊಬ್ಬ ಮನೆಯಲ್ಲಿ ಟಿವಿ ನೋಡುತ್ತಾ ಕುಳಿತರೆ, ಸಂಜೆ ಕಾಲು ಚಾಚಿ "ಇವತ್ತು ಏನು ರಶ್ ಮಾರಾಯ" ಎಂದುಕೊಳ್ಳುವ ಗುಂಪಿನಲ್ಲಿ ಅವನಿಗೆ ಜಾಗ ಸಿಗುವುದುಂಟೇ? ಇದನ್ನು ತಾಯಿಗೆ ಹೇಳಲು ಹೊರಟೆ. ಅವರು ಇಪ್ಪತ್ತಾರು ವರ್ಷಗಳಿಂದ ಮಗನನ್ನು ಯಾರೂ ನೋಯಿಸದಂತೆ ಕಾದವರು. ಮಾತು ಗಂಟಲಲ್ಲೇ ಉಳಿಯಿತು.

ಅಷ್ಟರಲ್ಲಿ ಫೋನ್ ಅವನ ಕೈಗೆ ಹೋಗಿತ್ತು.

"ಟೀಚರ್, ನಿನ್ನೆ ನನ್ನನ್ನು ಕೌಂಟರಿನಿಂದ ಯಾಕೆ ಎಬ್ಬಿಸಿದರು?"

"ಸಾಬುದಾನ ವಡೆಗೆ ಸಾಂಬಾರು ಕೊಡಬಾರದು. ಸಿಹಿ ಮೊಸರು ಕೊಡಬೇಕು."

ಸ್ವಲ್ಪ ಹೊತ್ತು ಟಿವಿಯ ಸದ್ದಷ್ಟೇ ಕೇಳಿಸಿತು. ಆಮೇಲೆ, "ಕ್ಯಾಪ್ಟನ್ ಯಾಕೆ ನನಗೆ ಹೇಳಲಿಲ್ಲ?"

"ನಾಳೆ ಅವನನ್ನೇ ಕೇಳು" ಎಂದುಬಿಟ್ಟೆ.

ಕೇಳುತ್ತಾನೆ, ಅನುಮಾನವೇ ಇಲ್ಲ. ಬೆಳಗ್ಗೆ ಎಂಟೂವರೆಯ ನೂಕುನುಗ್ಗಲಲ್ಲಿ, ಗಿರಾಕಿಗಳ ಎದುರಿಗೇ, ದೊಡ್ಡ ದನಿಯಲ್ಲಿ ಕೇಳುತ್ತಾನೆ. ಕ್ಯಾಪ್ಟನ್ ಮೊದಲೇ ಸಿಡುಕ. ಅವನೂ ಎಲ್ಲರ ಮೇಲೆ ಹಾರುವಂತೆ ಇವನ ಮೇಲೂ ಹಾರಿದರೆ ನಾನು ಕೇಳಿದ್ದು ಸಿಕ್ಕಂತೆಯೇ. ಆದರೆ ಎಂದಿನಂತೆ ಬೆನ್ನು ತಟ್ಟಿ ಚಮಚದ ಬುಟ್ಟಿ ಕೈಗೆ ಕೊಟ್ಟರೆ? ನಾಳೆ ನನಗೆ ವಾಶಿಯಲ್ಲಿ ಕೆಲಸ. ಅಲ್ಲಿಂದ ಮಾಟುಂಗಾಕ್ಕೆ ಓಡಬಾರದು ಎಂದುಕೊಂಡಿದ್ದೇನೆ. ಶೆಟ್ಟರ ಫೋನ್ ಬಂದರೆ ಎತ್ತುವುದೋ, ಅಥವಾ ಅವನ ಹತ್ತಿರವೇ ಮಾತಾಡಿ ಎಂದು ಒಂದು ಸಂದೇಶ ಕಳಿಸಿ ಸುಮ್ಮನಿರುವುದೋ, ಗೊತ್ತಾಗುತ್ತಿಲ್ಲ.