ಬಗ್ಗಿಯ ಡ್ಯಾಶ್‌ಬೋರ್ಡಿಗೆ ಮೀಟರ್ ಕೂರಿಸಿದ ದಿನ

ಭಾವ ಆಲ್ದೂರಿನ ಆಚೆಯ ತಮ್ಮ ಕಾಫಿ ತೋಟದೊಳಗೆ ಓಡಿಸಲೆಂದು ಕಳೆದ ವರ್ಷ ಒಂದು ಹಳೆಯ ಬಗ್ಗಿಯನ್ನು ಕೊಂಡರು. ಕಬ್ಬಿಣದ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ಹಿಂಬದಿಯಲ್ಲಿ ಮಾರುತಿ ಎಸ್ಟೀಮ್‌ನಿಂದ ತೆಗೆದ 1298 ಸಿಸಿ ಎಂಜಿನ್ನು ಮತ್ತು ಅದರದೇ ಗೇರ್‌ಬಾಕ್ಸ್. ಅದಕ್ಕಿದ್ದದ್ದು ಒಂದೇ ಒಂದು ಟೆಂಪರೇಚರ್ ಮೀಟರು. ಹಿಂದಿನ ಮಾಲೀಕರ ಕಾಲದಲ್ಲಿ ಹೋಸ್ ಪೈಪು ಸೀಳಿ ಎಂಜಿನ್ನನ್ನು ತಂಪಾಗಿಡುವ ನೀರು, ಅಂದರೆ ಕೂಲೆಂಟ್, ಪೂರ್ತಿ ಸೋರಿಹೋದಾಗ ಆ ಮೀಟರಿನ ಮುಳ್ಳು ಮೇಲೇರುವ ಬದಲು ಕೆಳಗಿಳಿದಿತ್ತಂತೆ. ಸೆನ್ಸರಿನ ತುದಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜವಾದ ಉಷ್ಣತೆಯನ್ನು ಹೇಳುತ್ತದೆ. ನೀರು ಹೋಗಿ ಸುತ್ತ ಬರೀ ಗಾಳಿ, ಆವಿ ಉಳಿದಾಗ ಕಾದ ಲೋಹದ ಸುದ್ದಿ ಅದಕ್ಕೆ ಸರಿಯಾಗಿ ಮುಟ್ಟುವುದಿಲ್ಲ. ಮುಳ್ಳು ನೆಮ್ಮದಿಯಾಗಿ ಕೆಳಗೆ ನಿಂತಿದ್ದ ಹೊತ್ತಿನಲ್ಲೇ ಎಂಜಿನ್ನಿನ ಮೇಲ್ಭಾಗವನ್ನು ಮುಚ್ಚುವ ಅಲ್ಯುಮಿನಿಯಮ್ ಹೆಡ್ಡು ಸೊಟ್ಟಗಾಯಿತು.

ಆದ್ದರಿಂದ ಹೊಸ ಮೀಟರುಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಈ ಎಂಜಿನ್ನು ಮೊದಲು ಯಾವುದರಿಂದ ಸಾಯುತ್ತದೆ ಎಂಬ ಪ್ರಶ್ನೆಯಿಂದಲೇ ನಾನು ಹೊರಟೆ. ಎಣ್ಣೆಯ ಒತ್ತಡ ನಿಂತುಹೋದರೆ ಬೇರಿಂಗುಗಳು ಕೆಲವೇ ಸೆಕೆಂಡುಗಳಲ್ಲಿ ಹಾಳಾಗಬಹುದು. ಅತಿಯಾಗಿ ಕಾದರೆ ನಿಮಿಷಗಳಲ್ಲಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಕೈಕೊಟ್ಟರೆ ಫ್ಯಾನು ಮತ್ತು ಇಗ್ನಿಷನ್ ನಿಲ್ಲುವುದಕ್ಕೆ ಇನ್ನೂ ಸ್ವಲ್ಪ ಸಮಯವಿರುತ್ತದೆ. ಇದೇ ಅನುಕ್ರಮದಲ್ಲಿ ಆಯಿಲ್ ಪ್ರೆಶರ್, ಕೂಲೆಂಟ್ ಟೆಂಪರೇಚರ್ ಮತ್ತು ವೋಲ್ಟ್ ಮೀಟರುಗಳನ್ನೂ, ಅವುಗಳ ಜೊತೆಗೆ ಆರ್‌ಪಿಎಂ ಮೀಟರನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆವು. ಗಾಳಿ ಮತ್ತು ಪೆಟ್ರೋಲಿನ ಅನುಪಾತ ತೋರಿಸುವ ಮೀಟರು ಭಾವನವರಿಗೆ ಬಹಳ ಹಿಡಿಸಿತ್ತು. ಟ್ಯೂನಿಂಗ್ ಮಾಡುವವರಿಗೆ ಅದು ಒಳ್ಳೆಯ ಸಾಧನ, ಆದರೆ ಕಲ್ಲುದಾರಿಯಲ್ಲಿ ಸ್ಟೀರಿಂಗ್ ಹಿಡಿದವರ ಕಣ್ಣಿಗೆ ಅದೊಂದು ಹೆಚ್ಚಿನ ಹೊರೆ ಎಂದು ಹೇಳಿ ಬಿಡಿಸಿದೆ.

ಮೆಕ್ಯಾನಿಕಲ್ ಮೀಟರೋ ಎಲೆಕ್ಟ್ರಿಕ್ ಮೀಟರೋ ಎಂಬುದನ್ನು ಬಗ್ಗಿಯ ಉದ್ದವೇ ತೀರ್ಮಾನಿಸಿತು. ಮೆಕ್ಯಾನಿಕಲ್ ಪ್ರೆಶರ್ ಮೀಟರಿಗೆ ಕಾದ ಎಣ್ಣೆಯನ್ನು ಸಣ್ಣ ಕೊಳವೆಯಲ್ಲಿ ಡ್ಯಾಶ್‌ಬೋರ್ಡಿನ ತನಕ ತರಬೇಕು. ಹಿಂದೆ ಎಂಜಿನ್ನಿರುವ ಗಾಡಿಯಲ್ಲಿ ಆ ಕೊಳವೆ ಡ್ರೈವರಿನ ಪಕ್ಕದಲ್ಲೇ ಹಾದುಬರುತ್ತದೆ. ಅದು ಒಡೆದರೆ ಕಾದ ಎಣ್ಣೆ ಮೈಮೇಲೆ ಬೀಳುತ್ತದೆ. ಎಲೆಕ್ಟ್ರಿಕ್ ಮೀಟರಿಗಾದರೆ ತಂತಿಯೊಂದೇ ಸಾಕು. ಒಂದೇ ತಯಾರಕರ ಮೀಟರು ಮತ್ತು ಸೆನ್ಸರುಗಳನ್ನು ಜೋಡಿಯಾಗಿಯೇ ಕೊಂಡೆವು, ಏಕೆಂದರೆ ಸೆನ್ಸರಿನ ಓಮ್ ಅಳತೆ, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಮೀಟರಿಗೆ ಹೊಂದದಿದ್ದರೆ ಮುಳ್ಳು ಆಡುತ್ತಲೇ ಸುಳ್ಳು ಹೇಳುತ್ತದೆ.

ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ರಸ್ತೆಗಿಳಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲವಾದ್ದರಿಂದ ಬಗ್ಗಿಯನ್ನು ಪಿಕಪ್ ಮೇಲೇರಿಸಿ ಚಿಕ್ಕಮಗಳೂರಿನ ಕಡೂರು ರಸ್ತೆಯ ಗ್ಯಾರೇಜಿಗೆ ಬೆಳಿಗ್ಗೆಯೇ ತಂದೆವು. ಅಲ್ಲಿನ ಮೇಸ್ತ್ರಿಗಳು ಮಾಡಿದ ಮೊದಲ ಕೆಲಸವೇ ನನಗೆ ಅವರಲ್ಲಿ ಗೌರವ ಹುಟ್ಟಿಸಿತು. ಪ್ರೆಶರ್ ಸೆನ್ಸರಿನ ತಿರುಪಿನ ಮರೆಯನ್ನು (ಥ್ರೆಡ್) ಅವರು ಥ್ರೆಡ್ ಗೇಜಿಟ್ಟು ಅಳೆದರು. 1/8 ಇಂಚು ಎಂದು ಹೆಸರಿರುವ ಈ ಮರೆಗಳಲ್ಲಿ ಅಮೆರಿಕದ ಎನ್‌ಪಿಟಿಗೆ ಇಂಚಿಗೆ 27 ಸುತ್ತು, ಬ್ರಿಟಿಷ್ ಬಿಎಸ್‌ಪಿಗೆ 28 ಸುತ್ತು. ಎರಡೂ ಒಂದರೊಳಗೊಂದು ಸ್ವಲ್ಪ ದೂರ ಸಲೀಸಾಗಿ ಹೋಗುತ್ತವೆ, ಆಮೇಲೆ ಬಿಗಿಯಾಗುತ್ತವೆ. ಅಲ್ಲಿ ಸ್ಪ್ಯಾನರ್ ಹಾಕಿ ಎಳೆದರೆ ಎಂಜಿನ್ನಿನ ಅಲ್ಯುಮಿನಿಯಮ್ ಸೀಳುತ್ತದೆ. ನಮ್ಮ ಸೆನ್ಸರು ಎನ್‌ಪಿಟಿ, ಎಂಜಿನ್ನಿನ ತೂತು ಬಿಎಸ್‌ಪಿ.

“ಅಡಾಪ್ಟರ್ ಹಾಕದೆ ಇದನ್ನ ನಾನು ಮುಟ್ಟಲ್ಲ ಸಾರ್,” ಎಂದರು ಅವರು.

ಅಡಾಪ್ಟರಿನ ಮೇಲೆ ಆ ತೂಕದ ಸೆನ್ಸರನ್ನು ನೇರವಾಗಿ ನಿಲ್ಲಿಸಲೂ ಅವರು ಒಪ್ಪಲಿಲ್ಲ. ಎಂಜಿನ್ನಿನ ನಡುಕಕ್ಕೆ ಹಿತ್ತಾಳೆಯ ಕುತ್ತಿಗೆ ಮುರಿದರೆ ಎಣ್ಣೆಯೆಲ್ಲ ಅಲ್ಲಿಂದಲೇ ಹೊರಚಿಮ್ಮುತ್ತದೆ. ತಂತಿಜಾಲದ ಹೊದಿಕೆಯಿರುವ ಚಿಕ್ಕ ಹೋಸ್ ಒಂದನ್ನು ಎಳೆದು, ಚೌಕಟ್ಟಿಗೆ ಬಿಗಿದ ಟಿ ಆಕಾರದ ಜೋಡಣೆಯಲ್ಲಿ ಸೆನ್ಸರನ್ನೂ ಎಚ್ಚರಿಕೆಯ ದೀಪದ ಸ್ವಿಚ್ಚನ್ನೂ ಕೂರಿಸಿದೆವು. ಕಂಪನಿಯಿಂದ ಬರುವ ಸ್ವಿಚ್ಚು ಒತ್ತಡ ಹೆಚ್ಚುಕಡಿಮೆ ಸೊನ್ನೆಗೆ ಇಳಿದ ಮೇಲೆಯೇ ದೀಪ ಹೊತ್ತಿಸುತ್ತದೆ. ಅದು ಎಚ್ಚರಿಕೆಯಲ್ಲ, ಸಾವಿನ ಸುದ್ದಿ. ಅದಕ್ಕಾಗಿ ಒತ್ತಡ 20 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಇಳಿದೊಡನೆ ದೀಪ ಹೊತ್ತಿಸುವ ಸ್ವಿಚ್ಚನ್ನೇ ಹಾಕಿದೆವು. ಎಂಜಿನ್ನು ಕಾದು ಐಡಲ್‌ನಲ್ಲಿದ್ದಾಗ ಅದು ಒಮ್ಮೊಮ್ಮೆ ಮಿನುಗಬಹುದು, ಆದರೆ ಓಡುವಾಗ ಹೊತ್ತಿದರೆ ಅನುಮಾನಕ್ಕೆ ಎಡೆಯಿಲ್ಲ.

ಟೆಂಪರೇಚರ್ ಸೆನ್ಸರನ್ನು ಹೋಸಿನ ನಡುವೆ ಅಲ್ಯುಮಿನಿಯಮ್ ತುಂಡು ಸೇರಿಸಿ ಕೂರಿಸುವ ಪದ್ಧತಿಯೊಂದಿದೆ. ಎರಡೂ ಕಡೆ ರಬ್ಬರ್ ಇರುವುದರಿಂದ ಆ ತುಂಡಿಗೆ ಬೇರೆಯೇ ಅರ್ಥ್ ತಂತಿ ಕೊಡಬೇಕು. ನಾವು, ಎಂಜಿನ್ನು ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟಾಟಿನ ಎಂಜಿನ್ ಬದಿಯಲ್ಲಿ, ನೀರು ಸದಾ ಹರಿಯುವ ಜಾಗವನ್ನೇ ಆರಿಸಿದೆವು. ಜೊತೆಗೆ ಕೂಲೆಂಟ್ ಟ್ಯಾಂಕಿಗೆ ಮಟ್ಟ ಇಳಿದರೆ ದೀಪ ಹೊತ್ತಿಸುವ ಫ್ಲೋಟ್ ಸ್ವಿಚ್ಚನ್ನೂ ಹಾಕಿಸಿದೆ. ಹಳೆಯ ಹೆಡ್ಡಿನ ಕಥೆ ಕೇಳಿದ ಮೇಲೆ ಅದಿಲ್ಲದೆ ನನಗೆ ಸಮಾಧಾನವಿರಲಿಲ್ಲ.

ಕೂರಿಸುವ ಮೊದಲು ಸೆನ್ಸರನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಿದೆವು. ಮುಳ್ಳು 97ರ ಹತ್ತಿರ ನಿಂತಿತು. “ನೂರಕ್ಕೆ ಬರ್ಬೇಕಲ್ವಾ, ಮೀಟರ್ ಡಿಫೆಕ್ಟ್ ಇದೆಯಾ?” ಎಂದು ಗ್ಯಾರೇಜಿನ ಹುಡುಗ ಕೇಳಿದ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದಂತೆ ನೀರು ಸುಮಾರು 1 ಡಿಗ್ರಿ ಮೊದಲೇ ಕುದಿಯುತ್ತದೆ; ಸಾವಿರ ಮೀಟರಿಗೂ ಮೇಲಿರುವ ಚಿಕ್ಕಮಗಳೂರಿನಲ್ಲಿ 97 ಎನ್ನುವ ಮೀಟರು ಸರಿಯಾದ ಮೀಟರೇ. ಹುಡುಗ ಅದನ್ನು ಕೇಳಿ, ಹಾಗಾದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಎಷ್ಟು ಬರುತ್ತದೆ ಎಂದು ತಾನೇ ಲೆಕ್ಕ ಹಾಕತೊಡಗಿದ್ದು ನನಗೆ ಆ ದಿನದ ಅತ್ಯಂತ ಸಂತೋಷದ ಗಳಿಗೆ.

ವೈರಿಂಗಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ: ಮೀಟರುಗಳಿಗೆ ಪ್ರತ್ಯೇಕ ಫ್ಯೂಸ್, ತಗಡು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್, ಎಂಜಿನ್ನಿನಿಂದ ಚೌಕಟ್ಟಿಗೆ ದಪ್ಪನೆಯ ಅರ್ಥ್ ಪಟ್ಟಿ. ಮೀಟರುಗಳನ್ನು ಮಾತ್ರ ಅಂಕಿಗಳು ನೆಟ್ಟಗಿರುವಂತೆ ಕೂರಿಸದೆ, ಸರಿಯಾದ ಸ್ಥಿತಿಯಲ್ಲಿ ಎಲ್ಲ ಮುಳ್ಳುಗಳೂ ಗಡಿಯಾರದ ಹನ್ನೆರಡರ ಕಡೆ ನಿಲ್ಲುವಂತೆ ತಿರುಗಿಸಿ ಬಿಗಿಸಿದೆವು. ರೇಸಿನವರ ಈ ಕ್ರಮವನ್ನು ಭಾವ ಮೊದಲು ಒಪ್ಪಲಿಲ್ಲ, ಅಕ್ಷರಗಳು ಸೊಟ್ಟಗೆ ಕಾಣುತ್ತವೆ ಎಂದರು. ಗುಂಡಿಯ ಮೇಲೆ ಗಾಡಿ ಹಾರುವಾಗ ಅಂಕಿಯನ್ನು ಯಾರೂ ಓದಲಾರರು. ಸಾಲಿನಿಂದ ವಾಲಿದ ಮುಳ್ಳು ಮಾತ್ರ ಕಣ್ಣಿಗೆ ಬೀಳುತ್ತದೆ.

ಸಂಜೆ ತೋಟದಲ್ಲಿ ಓಡಿಸಿದೆವು. ವೋಲ್ಟ್ ಮೀಟರು 14ರ ಆಸುಪಾಸಿನಲ್ಲಿ, ಟೆಂಪರೇಚರ್ 90ರ ಹತ್ತಿರ ನಿಂತವು. ಕಣದ ಪಕ್ಕದ ಕಡಿದಾದ ಏರಿನಲ್ಲಿ ಬಲಕ್ಕೆ ಉದ್ದವಾಗಿ ತಿರುಗುವಾಗ ಪ್ರೆಶರ್ ಮುಳ್ಳು ದಿಢೀರನೆ ಕುಸಿದು ಕೆಂಪು ದೀಪ ಹೊತ್ತಿತು. ಭಾವ ಆ ಕ್ಷಣವೇ ಆಕ್ಸಿಲರೇಟರ್ ಬಿಟ್ಟರು. ಗಾಡಿ ಸಮತಟ್ಟಿಗೆ ಬಂದೊಡನೆ ಮುಳ್ಳು ಮತ್ತೆ ಮೇಲೆದ್ದಿತು.

“ನೋಡಿದ್ಯಾ, ಇಷ್ಟು ದಿನ ಇಲ್ಲಿ ಹೀಗೇ ಆಗ್ತಿತ್ತೋ ಏನೋ,” ಎಂದರು.

ತಿರುವಿನಲ್ಲಿ ಸಂಪಿನ, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ, ಎಣ್ಣೆಯೆಲ್ಲ ಒಂದು ಬದಿಗೆ ಸರಿದು, ಪಂಪಿನ ಬಾಯಿ ಗಾಳಿಯನ್ನು ಹೀರುತ್ತಿತ್ತು. ಡಿಪ್‌ಸ್ಟಿಕ್ ತೆಗೆದರೆ ಎಣ್ಣೆ ಎರಡು ಗೆರೆಗಳ ನಡುವಿತ್ತು. ಮೇಲಿನ ಗೆರೆಯ ತನಕ ತುಂಬಿಸಿ ಮತ್ತೆ ಅದೇ ತಿರುವಿಗೆ ಹೋದಾಗ ಮುಳ್ಳು ಕುಸಿಯಿತಾದರೂ ದೀಪ ಹೊತ್ತಲಿಲ್ಲ. ಮುಂದಿನ ವಾರ ಸಂಪನ್ನು ಬಿಚ್ಚಿ ಎಣ್ಣೆ ಒಂದೇ ಬದಿಗೆ ಸರಿಯದಂತೆ ಒಳಗೆ ಅಡ್ಡ ತಗಡುಗಳನ್ನು ಬೆಸೆಯುವುದೆಂದು ಮೇಸ್ತ್ರಿಗಳ ಜೊತೆ ಫೋನಿನಲ್ಲೇ ಮಾತಾಯಿತು, ಅಲ್ಲಿಯವರೆಗೆ ಆ ಏರಿಗೆ ಹೋಗುವುದಿಲ್ಲವೆಂದು ಭಾವ ತಾವಾಗಿಯೇ ಹೇಳಿದರು.