ಆಗುಂಬೆ ಬಸ್ಸಿನ ಕಾಮಿಕ್: ಅಕ್ಷರ ಕೂರಿಸುವ ಹಂತ

ನಮ್ಮ ಆಗುಂಬೆ ಬಸ್ಸಿನ ಕಾಮಿಕ್ ಅಕ್ಷರದ ಹಂತಕ್ಕೆ ಬಂದಿದೆ. ಎ5 ಗಾತ್ರ, 24 ಪುಟ, ಪೂರ್ತಿ ಕಪ್ಪು ಬಿಳುಪು. ಚಿತ್ರ ಗೆಳೆಯನದು, ಕಥೆ ಮತ್ತು ಅಕ್ಷರ ನನ್ನದು. ಮಳೆಗಾಲದ ಒಂದು ರಾತ್ರಿ ಸೋಮೇಶ್ವರದಿಂದ ಘಾಟಿ ಹತ್ತುವ ಕೊನೆಯ ಬಸ್ಸು ಹದಿನಾಲ್ಕು ತಿರುವುಗಳ ಮಧ್ಯೆ ಎಲ್ಲೋ ಕೆಟ್ಟು ನಿಲ್ಲುತ್ತದೆ. ಒಳಗೆ ಏಳು ಪ್ರಯಾಣಿಕರು, ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್. ಪೆನ್ಸಿಲ್ ಆಯ್ತು, ಇಂಕ್ ಆಯ್ತು. ಈಗ ಇವರೆಲ್ಲರ ಬಾಯಿಗೆ ಮಾತು ಕೊಡಬೇಕು.

ಚಿತ್ರ ಮುಗಿದ ಮೇಲೆ ಇನ್ನೇನು, ಟೈಪ್ ಮಾಡಿ ಮಾತಿನ ಗುಳ್ಳೆಯೊಳಗೆ ಅಂಟಿಸಿದರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. ಕಾಮಿಕ್‌ನಲ್ಲಿ ಅಕ್ಷರವನ್ನೂ ಬಿಡಿಸಬೇಕು. ಕನ್ನಡದ ಅಕ್ಷರಕ್ಕಂತೂ ಅದರದ್ದೇ ಆದ ಬೇಡಿಕೆಗಳಿವೆ.

ಇದಕ್ಕಾಗಿ ಇತ್ತೀಚಿನ ಕೆಲವು ಕಾಮಿಕ್‌ಗಳನ್ನು ಮತ್ತೆ ಓದುತ್ತಿದ್ದೇನೆ, ಬರೀ ಅಕ್ಷರ ನೋಡಲು. ಮೊದಲು ತೆಗೆದದ್ದು 'ದೀಸ್ ಸ್ಯಾವೇಜ್ ಶೋರ್ಸ್'. 2018ರಲ್ಲಿ ಅಮೆರಿಕದ ವಾಲ್ಟ್ ಕಾಮಿಕ್ಸ್ ಶುರುಮಾಡಿದ, ಐದು ಸಂಚಿಕೆಗಳ ಕಥೆ. ಬರೆದವರು ಮುಂಬೈ ಮೂಲದ ರಾಮ್ ವಿ. ಚಿತ್ರ ಸುಮಿತ್ ಕುಮಾರ್, ಬಣ್ಣ ವಿಟ್ಟೋರಿಯೊ ಅಸ್ಟೋನೆ, ಅಕ್ಷರ ಆದಿತ್ಯ ಬಿಡಿಕರ್. ಕನ್ನಡದವರು ಇದನ್ನು ಓದಲೇಬೇಕು ಅನ್ನುವವನು ನಾನು. 1766ರ ಮಲಬಾರ್, ಹೈದರಾಲಿಯ ಮೈಸೂರು ಆ ಕರಾವಳಿಯ ಮೇಲೆ ಕಣ್ಣಿಟ್ಟ ಕಾಲ. ಲಂಡನ್ನಿನಿಂದ ಒಬ್ಬ ವ್ಯಾಂಪೈರ್ ಹಡಗು ಹತ್ತಿ ಕಲ್ಲಿಕೋಟೆಗೆ ಬರುತ್ತಾನೆ. ಇಲ್ಲಿ ಅವನನ್ನೂ ಮೀರಿಸುವ ಜೀವವೊಂದು ಆಗಲೇ ಇದೆ ಅನ್ನುವುದು ಅವನಿಗೆ ಗೊತ್ತಿರುವುದಿಲ್ಲ.

ಸುಮಿತ್ ಕುಮಾರ್ ಅನೇಕ ಪುಟಗಳನ್ನು ಒಂಬತ್ತು ಚೌಕಗಳಾಗಿ ಕತ್ತರಿಸಿದ್ದಾರೆ, ಸಾಲಿಗೆ ಮೂರರಂತೆ. ಅಷ್ಟು ಚಿಕ್ಕ ಚೌಕದಲ್ಲಿ ಮಾತು ಜಾಸ್ತಿಯಾದರೆ ಮುಖವೇ ಮುಚ್ಚಿಹೋಗುತ್ತದೆ. ಬಿಡಿಕರ್ ಗುಳ್ಳೆಗಳನ್ನು ಚೌಕದ ಅಂಚಿಗೆ ಒತ್ತಿ, ಕಣ್ಣು ಒಂದರಿಂದ ಇನ್ನೊಂದಕ್ಕೆ ತಾನಾಗಿ ಇಳಿಯುವಂತೆ ಇಡುತ್ತಾರೆ. ಪತ್ರದ ಮೂಲಕ ಕಥೆ ಸಾಗುವಾಗ ಅಕ್ಷರ ಕೈಬರಹದಂತಾಗುತ್ತದೆ. ಯಾರು ಬರೆಯುತ್ತಿದ್ದಾರೆ ಅಂತ ಬೇರೆ ಹೇಳಬೇಕಾಗಿಯೇ ಇಲ್ಲ. ಇದೇ ಬಿಡಿಕರ್ 'ಬ್ಲೂ ಇನ್ ಗ್ರೀನ್'ಗೂ ಅಕ್ಷರ ಬರೆದಿದ್ದಾರೆ. ರಾಮ್ ವಿ ಬರೆದ, ಜಾಝ್ ಸಂಗೀತಗಾರನೊಬ್ಬನ ಕಥೆ ಅದು. ಅದರ ಚಿತ್ರಗಳಿಗೆ ಆನಂದ್ ಆರ್‌ಕೆ ಮತ್ತು ಜಾನ್ ಪಿಯರ್ಸನ್ 2021ರಲ್ಲಿ ಅಮೆರಿಕದ ದೊಡ್ಡ ಕಾಮಿಕ್ ಪ್ರಶಸ್ತಿಯಾದ ಐಸ್ನರ್ ಪಡೆದರು. ನಮ್ಮ ದೇಶದ ಕಲಾವಿದನೊಬ್ಬನ ಕೈಗೆ ಆ ಪ್ರಶಸ್ತಿ ಬಂದದ್ದು ನನಗಂತೂ ಹಬ್ಬವೇ ಆಗಿತ್ತು.

ಇಷ್ಟೆಲ್ಲ ನೋಡಿದರೂ ಕನ್ನಡಕ್ಕೆ ಹಾಗೇ ಎತ್ತಿಕೊಳ್ಳಲು ಆಗುವುದಿಲ್ಲ. ಇಂಗ್ಲಿಷ್ ಕಾಮಿಕ್‌ನಲ್ಲಿ ಹೆಚ್ಚಾಗಿ ದೊಡ್ಡಕ್ಷರವೇ ಇರುತ್ತದೆ. ಅದಕ್ಕೆ ಕೆಳಗೆ ಇಳಿಬೀಳುವ ಬಾಲವಿಲ್ಲ. ಹಾಗಾಗಿ ಸಾಲುಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಬಹುದು. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ. ಮೇಲಿನ ಸಾಲಿನ 'ತ್ತ' ಕೆಳಗಿನ ಸಾಲಿನ 'ಕಿ'ಗೆ ಬಡಿಯುತ್ತದೆ. 'ರಾಷ್ಟ್ರ', 'ಸ್ತ್ರೀ' ತರಹದ ಪದ ಬಂದರೆ ಎರಡು ಮೆಟ್ಟಿಲು ಇಳಿಯಬೇಕು. ಸಾಲುಗಳ ನಡುವೆ ಜಾಗ ಬಿಟ್ಟರೆ ಗುಳ್ಳೆ ದೊಡ್ಡದಾಗುತ್ತದೆ, ಗುಳ್ಳೆ ದೊಡ್ಡದಾದರೆ ಗೆಳೆಯ ಕಷ್ಟಪಟ್ಟು ಬಿಡಿಸಿದ ಮಳೆ ಕಾಣುವುದಿಲ್ಲ.

ಪದದ ಉದ್ದ ಇನ್ನೊಂದು ಸವಾಲು. ಗುಳ್ಳೆಯೊಳಗಿನ ಮಾತು ಮೇಲೆ ಚಿಕ್ಕ ಸಾಲು, ಮಧ್ಯೆ ಉದ್ದ, ಕೆಳಗೆ ಮತ್ತೆ ಚಿಕ್ಕದು ಅಂತ ಕೂತರೆ ಚೆಂದ. ಆದರೆ 'ನಿಲ್ಲಿಸಬೇಕಾಗಿತ್ತಲ್ಲವೇ' ಅನ್ನುವ ಒಂದೇ ಪದ ಇಡೀ ಗುಳ್ಳೆ ತುಂಬಿಬಿಡುತ್ತದೆ. ಪದವನ್ನು ಮಧ್ಯದಲ್ಲಿ ಮುರಿಯಲು ನನಗೆ ಮನಸ್ಸಿಲ್ಲ. ಓದುವವರ ನಾಲಗೆ ಅಲ್ಲಿ ತಡವರಿಸುತ್ತದೆ.

ಆಡುಮಾತಿಗೆ ಇಳಿದರೆ ಅಗಲ ಕಡಿಮೆಯಾಗುತ್ತದೆ, ಅದು ನಿಜ. ಆದರೆ ಆಡುಮಾತಿನಲ್ಲಿ ನಾವು ನಡುವಿನ ಸ್ವರ ನುಂಗುತ್ತೇವೆ. ಆಗ ಒತ್ತು ಹುಟ್ಟುತ್ತದೆ. 'ಹೋಗಬೇಡ'ದಲ್ಲಿ ಕೆಳಗೆ ಏನೂ ಇಲ್ಲ, 'ಹೋಗ್ಬೇಡ' ಅಂದ ತಕ್ಷಣ ಒಂದು ಬ ಕೆಳಗೆ ನೇತಾಡುತ್ತದೆ. ಅಗಲ ಉಳಿಯಿತು, ಎತ್ತರ ಹೋಯಿತು. 'ಬರುತ್ತೇನೆ' ಮಾತ್ರ ಇದಕ್ಕೆ ಉಲ್ಟಾ. 'ಬರ್ತೀನಿ' ಅಂದರೆ ತ ಒತ್ತು ಮಾಯ, ಅರ್ಕಾವತ್ತು ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಹೀಗೆ ಒಂದೊಂದೇ ಪದ ತೂಗಿ ನೋಡಿ ಸಂಭಾಷಣೆಯನ್ನೇ ತಿದ್ದುತ್ತಿದ್ದೇನೆ. ಕಂಡಕ್ಟರ್‌ನ ಮಾತು ಇದರಿಂದ ಇನ್ನೂ ಚುರುಕಾಗಿದೆ. ಮೇಷ್ಟ್ರ ಪಾತ್ರಕ್ಕೆ ಮಾತ್ರ ಬರಹದ ಕನ್ನಡವನ್ನೇ ಉಳಿಸಿದ್ದೇನೆ, ಅವರ ಗುಳ್ಳೆಗಳು ಅಗಲವಾಗಿಯೇ ಇರಲಿ.

ಒತ್ತಿ ಹೇಳುವ ಮಾತನ್ನು ಇಂಗ್ಲಿಷ್ ಕಾಮಿಕ್‌ನಲ್ಲಿ ದಪ್ಪ ಮಾಡಿ ಓರೆಯಾಗಿಸುತ್ತಾರೆ. ಕನ್ನಡದ ಅಕ್ಷರ ದಪ್ಪವಾದರೆ ಹೊಟ್ಟೆಯೊಳಗಿನ ಬಿಳಿ ಮುಚ್ಚಿಹೋಗುತ್ತದೆ. ಎ5 ಗಾತ್ರದಲ್ಲಿ ಪ್ರಿಂಟ್ ತೆಗೆದು ನೋಡಿದೆ. ದಪ್ಪ ಮಾಡಿದ 'ಥ' ಮತ್ತು 'ದ' ಒಂದೇ ತರಹ ಕಾಣುತ್ತಿದ್ದವು. ಹಾಗಾಗಿ ಒತ್ತಿ ಹೇಳಬೇಕಾದ ಕಡೆ ಗಾತ್ರ ಮಾತ್ರ ಹೆಚ್ಚಿಸುವುದು ಅಂತ ತೀರ್ಮಾನ ಮಾಡಿದ್ದೇವೆ.

ಫಾಂಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 'ಬಾಲೂ ತಮ್ಮ' ಅನ್ನುವ ಫಾಂಟ್ ಶೀರ್ಷಿಕೆಗೆ ಚೆಂದ, ಮಾತಿಗೆ ಭಾರ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ 'ಅಕಾಯಾ ಕನ್ನಡಕ' ಫಾಂಟಿನಲ್ಲಿ ಕೈಬರಹದ ಜೀವ ಇದೆ, ಉಚಿತವಾಗಿಯೂ ಸಿಗುತ್ತದೆ. ನಿರೂಪಣೆಯ ಪೆಟ್ಟಿಗೆಗಳಿಗೆ ಅದನ್ನೇ ಬಳಸುತ್ತಿದ್ದೇನೆ, ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಮಾತಿನ ಗುಳ್ಳೆಗಳನ್ನು ಮಾತ್ರ ಕೈಯಲ್ಲೇ ಬರೆಯುತ್ತಿದ್ದೇನೆ. ಪುಟದ ಪ್ರಿಂಟ್ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಬರೆದು, ಸ್ಕ್ಯಾನ್ ಮಾಡಿ ಸೇರಿಸುವುದು. ನಿಧಾನ, ಆದರೆ ಒತ್ತಕ್ಷರವನ್ನು ಬೇಕಾದ ಕಡೆ ಚೂರು ಚಿಕ್ಕದಾಗಿಸುವ, ಪಕ್ಕಕ್ಕೆ ಸರಿಸುವ ಸ್ವಾತಂತ್ರ್ಯ ಕೈಗೆ ಮಾತ್ರ ಇದೆ.

ಈಗ ಶಬ್ದದ ಪುಟಗಳು, ಅಂದರೆ ಸದ್ದನ್ನೇ ಅಕ್ಷರವಾಗಿ ಬಿಡಿಸುವ ಪುಟಗಳು. ದೊಡ್ಡ ಕಂಪನಿಗಳ ಕಾಮಿಕ್‌ಗಳಿಂದ ನಾನು ಹೆಚ್ಚು ಕಲಿತದ್ದು ಇಲ್ಲೇ. 2024ರ ಅಕ್ಟೋಬರ್‌ನಲ್ಲಿ ಡಿಸಿ ಶುರುಮಾಡಿದ 'ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್'ನಲ್ಲಿ ನಿಕ್ ಡ್ರಗೋಟಾ ಬಿಡಿಸುವ ಹೊಡೆದಾಟ ನೋಡಿ, ಪುಟವೇ ಅದುರಿದಂತಿರುತ್ತದೆ. ಅದರ ಜೊತೆಗಾರ್ತಿ 'ಆಬ್ಸಲ್ಯೂಟ್ ವಂಡರ್ ವುಮನ್' ನನಗೆ ಇನ್ನೂ ಇಷ್ಟ. ಕೆಲ್ಲಿ ಥಾಂಪ್ಸನ್ ಬರೆದು ಹೇಡನ್ ಶೆರ್ಮನ್ ಬಿಡಿಸಿದ ಅದು 2025ರಲ್ಲಿ ಅತ್ಯುತ್ತಮ ಹೊಸ ಸರಣಿ ಅಂತ ಐಸ್ನರ್ ಪಡೆಯಿತು. ಶೆರ್ಮನ್ ಚೌಕಗಳನ್ನು ಚೌಕವಾಗಿ ಇಡುವುದೇ ಕಡಿಮೆ.

ನಮ್ಮ ಮೂರನೇ ಪುಟದಲ್ಲಿ ಮಳೆ ಶುರುವಾಗುತ್ತದೆ. ಅಲ್ಲಿ ಒಂದೇ ಅಕ್ಷರ ಇದೆ: ಧೋ. ಅದರ ಓತ್ವದ ದೀರ್ಘವನ್ನು ಎಳೆದು, ಬಸ್ಸಿನ ಛಾವಣಿ ದಾಟಿಸಿ, ಮಳೆಯ ಗೆರೆಗಳ ಜೊತೆ ಕೆಳಗಿಳಿಸಿ, ಪುಟದ ಅಂಚಿನವರೆಗೆ ಬಿಟ್ಟಿದ್ದೇನೆ. ಗೆಳೆಯ ತನ್ನ ಬ್ರಷ್‌ನಿಂದಲೇ ಅದನ್ನು ತೀಡಿದ. ಈಗ ಅಕ್ಷರ ಎಲ್ಲಿ ಮುಗಿದು ಮಳೆ ಎಲ್ಲಿ ಶುರುವಾಯಿತು ಅಂತ ಹೇಳಲಾಗುವುದಿಲ್ಲ. ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಪುಟ ಇದು.

ಬೆಂಗಳೂರಿನ ಮಾಂಟಾ ರೇ ಪ್ರಕಾಶನ 2010ರಲ್ಲಿ 'ಹಶ್' ಅನ್ನುವ ಕಾಮಿಕ್ ತಂದಿತ್ತು. ವಿವೇಕ್ ಥಾಮಸ್ ಕಥೆ, ರಾಜೀವ್ ಐಪ್ ಚಿತ್ರ, ಒಂದೂ ಮಾತಿಲ್ಲ. ಅದನ್ನು ಯಾವ ಭಾಷೆಯವರೂ ಓದಬಹುದು. ನಮಗೆ ಬೇಕಾಗಿರುವುದು ಅದರ ಇನ್ನೊಂದು ತುದಿ, ಕನ್ನಡದಲ್ಲಲ್ಲದೆ ಬೇರೆಲ್ಲೂ ಇರಲಾಗದ ಪುಟ. ಅಮರ ಚಿತ್ರ ಕಥೆ ಕಟ್ಟಿದ ಅನಂತ ಪೈ ಕಾರ್ಕಳದವರು. ಬಾಲಮಂಗಳದ ಡಿಂಗನಿಗಾಗಿ ಕಾದು ಕೂತವರು ನಾವು. ದೊಡ್ಡವರಿಗಾಗಿ ಕನ್ನಡದಲ್ಲೇ ಹುಟ್ಟಿದ ಕಾಮಿಕ್‌ಗಳು ಇನ್ನಷ್ಟು ಬರಬೇಕು.

ಪಿನ್ ಹೊಡೆಯುವ ಪುಸ್ತಕವಾದ್ದರಿಂದ ಪುಟಗಳು ನಾಲ್ಕರ ಲೆಕ್ಕದಲ್ಲೇ ಇರಬೇಕು. 24ಕ್ಕಿಂತ ಒಂದು ಪುಟವೂ ಹೆಚ್ಚಿಸುವಂತಿಲ್ಲ. ಅದಕ್ಕೇ 17ನೇ ಪುಟ ಇನ್ನೂ ಬಾಕಿ ಇದೆ. ಅಲ್ಲಿ ಏಳೂ ಜನ ಒಟ್ಟಿಗೆ ಜಗಳಕ್ಕೆ ಬೀಳುತ್ತಾರೆ. ಗುಳ್ಳೆಗಳನ್ನು ಒಂದರ ಮೇಲೊಂದು ಹತ್ತಿಸಿ, ಮೇಷ್ಟ್ರ ಅಗಲದ ಗುಳ್ಳೆಯನ್ನು ಉಳಿದವುಗಳ ಅಡಿಗೆ ಹಾಕಿ, ಓದಲು ಅವರ ಕೊನೆಯ ಎರಡು ಪದ ಮಾತ್ರ ಸಿಗುವಂತೆ ಮಾಡುವ ಯೋಚನೆ ಇದೆ. ಗೆಳೆಯ ಒಪ್ಪಿದ್ದಾನೆ. ಮೊದಲು ಅದರ ಕರಡು, ಆಮೇಲೆ ಪ್ರೆಸ್ಸಿನವರ ಹತ್ತಿರ ಕಾಗದದ ಮಾತು.